ಸಾಸಿಗೂ ಅದೇ ಹೆಸರು, ಸೀರೆಗೂ ಅದೇ ಹೆಸರು: ಚೀಲದ ಮೇಲೆ ನಂಬರು ಕೇಳಿ

ಮಾನ್ಯ ಸಂಪಾದಕರಿಗೆ,

ಟೊಮ್ಯಾಟೊ ಸಾಸಿನ ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿರುವ 1422, 1442 ಎಂಬ ಸಂಖ್ಯೆಗಳಿಗೆ ಕೆಂಪು ಗೆರೆ ಎಳೆದು ‘ಇದು ವಿಷ’ ಎಂದು ಹಂಚುವ ಚಿತ್ರಗಳು ಮೊಬೈಲಿನಲ್ಲಿ ಹರಿದಾಡುತ್ತಲೇ ಇವೆ. ಆ ಸಂಖ್ಯೆಗಳು ಮಾರ್ಪಡಿಸಿದ ಸ್ಟಾರ್ಚಿನ, ಅಂದರೆ ರಾಸಾಯನಿಕದಿಂದ ಗುಣ ಬದಲಿಸಿದ ಪಿಷ್ಟದ, ಐಎನ್‌ಎಸ್ ಸಂಖ್ಯೆಗಳು (ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಗುರುತು). ಇನ್ನೊಂದು ಕಡೆ, ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಸಣ್ಣ ಘಟಕಗಳಿಗೆ ‘ಮಾಡಿಫೈಡ್ ಸ್ಟಾರ್ಚ್’ ಎಂದಷ್ಟೇ ಬರೆದ ಬಿಲ್ಲಿನೊಂದಿಗೆ ಬಿಳಿ ಪುಡಿಯ ಚೀಲ ಬಂದು ಬೀಳುತ್ತದೆ. ಸಾಸು ಮಾಡುವವರು, ರಬಕವಿ-ಬನಹಟ್ಟಿಯಲ್ಲಿ ಹಾಸಿನ ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲು) ಗಂಜಿ ಹಾಕುವವರು, ಬಟ್ಟೆಗೆ ಅಚ್ಚು ಹಾಕುವವರು, ಗೋಡೆಯ ಪುಟ್ಟಿ ಕಲಸುವವರು, ಎಲ್ಲರ ಬಿಲ್ಲಿನಲ್ಲೂ ಇದೇ ಎರಡು ಪದ. ಒಳಗಿನ ಮಾಲು ಮಾತ್ರ ಬೇರೆ ಬೇರೆ. ಬಾಟಲಿಯ ಮೇಲಿನ ನಂಬರಿಗೆ ಹೆದರುವುದಕ್ಕಿಂತ ನಂಬರೇ ಇಲ್ಲದ ಚೀಲಕ್ಕೆ ಹೆದರುವುದು ಒಳ್ಳೆಯದು. ಈ ಪತ್ರ ಅದನ್ನು ವಿವರಿಸಲಿಕ್ಕೆ.

ಮೊದಲು ಸಾದಾ ಸ್ಟಾರ್ಚು. ಗೋವಿನಜೋಳ, ಮರಗೆಣಸು, ಆಲೂಗಡ್ಡೆ ಯಾವುದರಿಂದ ತೆಗೆದರೂ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಪುಡಿ. ಕಣದೊಳಗೆ ಗ್ಲುಕೋಸಿನ ಎರಡು ಬಗೆಯ ಸರಪಳಿಗಳಿರುತ್ತವೆ: ನೇರವಾದ ಅಮೈಲೋಸ್, ಕವಲೊಡೆದ ಅಮೈಲೋಪೆಕ್ಟಿನ್. ಗೋವಿನಜೋಳದ ಸ್ಟಾರ್ಚಿನಲ್ಲಿ ಅಮೈಲೋಸ್ ಸುಮಾರು ಕಾಲುಭಾಗ. ತಣ್ಣೀರಿನಲ್ಲಿ ಈ ಕಣ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. 62ರಿಂದ 72 ಡಿಗ್ರಿ ಸೆಲ್ಸಿಯಸ್ ನಡುವೆ ನೀರು ಕುಡಿದು ಉಬ್ಬುತ್ತದೆ; ದ್ರವಕ್ಕೆ ಮಂದ ಬರುವುದು ಈ ಉಬ್ಬಿದ ಕಣಗಳಿಂದಲೇ. ತೊಂದರೆ ಮುಂದೆ ಇದೆ. ಇನ್ನೂ ಕುದಿಸಿದರೆ, ಜೋರಾಗಿ ತಿರುವಿದರೆ, ಹುಳಿ ಬಿದ್ದರೆ ಉಬ್ಬಿದ ಕಣ ಒಡೆದು ಮಂದ ಇಳಿಯುತ್ತದೆ. ಆರಿದ ಮೇಲೆ, ಹೊರಗೆ ಬಂದ ಅಮೈಲೋಸ್ ಎಳೆಗಳು ಮತ್ತೆ ಒಂದಕ್ಕೊಂದು ಒತ್ತಿಕೊಂಡು ತಣ್ಣಗಾದ ನುಚ್ಚಿನಂತೆ ಗಡ್ಡೆ ಕಟ್ಟಿ, ಎರಡು ದಿನದಲ್ಲಿ ಅಂಚಿಗೆ ನೀರು ಬಿಡುತ್ತವೆ. ಮನೆಯ ಸಾರಿಗೆ ಇದು ಅಡ್ಡಿಯಲ್ಲ. ಆರು ತಿಂಗಳು ಅಂಗಡಿಯ ಕಪಾಟಿನಲ್ಲಿ ಕೂರಬೇಕಾದ ಬಾಟಲಿಗೆ ಇದೇ ದೊಡ್ಡ ಅಡ್ಡಿ.

ಈ ಎರಡು ದೋಷಗಳಿಗೆ ಎರಡು ಬೇರೆ ಚಿಕಿತ್ಸೆಗಳಿವೆ. ಕಣ ಒಡೆಯದಂತೆ ಸರಪಳಿಗಳ ನಡುವೆ ಅಲ್ಲಲ್ಲಿ ರಾಸಾಯನಿಕ ಸೇತುವೆ ಹಾಕುವುದು ಮೊದಲನೆಯದು. ಇದನ್ನು ಕ್ರಾಸ್‌ಲಿಂಕಿಂಗ್ ಎನ್ನುತ್ತಾರೆ. ಫಾಸ್ಫರಸ್ ಆಕ್ಸಿಕ್ಲೋರೈಡ್ ಅಥವಾ ಸೋಡಿಯಂ ಟ್ರೈಮೆಟಾಫಾಸ್ಫೇಟ್ ಬಳಸಿದರೆ ಫಾಸ್ಫೇಟಿನ ಸೇತುವೆ, ಅಡಿಪಿಕ್ ಆಮ್ಲದ ಅನ್‌ಹೈಡ್ರೈಡ್ ಬಳಸಿದರೆ ಅಡಿಪೇಟಿನ ಸೇತುವೆ. ಸಾವಿರಾರು ಗ್ಲುಕೋಸ್ ಘಟಕಗಳಿಗೆ ಒಂದೆರಡು ಸೇತುವೆ ಸಾಕು. ಹೆಚ್ಚಾದರೆ ಕಣ ಉಬ್ಬುವುದೇ ಇಲ್ಲ. ಎರಡನೆಯದು, ಆರಿದ ಮೇಲೆ ಎಳೆಗಳು ಒತ್ತಿಕೊಳ್ಳದಂತೆ ಅವುಗಳ ಮೈಗೆ ಅಸಿಟೈಲ್ ಅಥವಾ ಹೈಡ್ರಾಕ್ಸಿಪ್ರೊಪೈಲ್ ಗುಂಪುಗಳನ್ನು ಜೋಡಿಸುವುದು. ಎರಡೂ ಚಿಕಿತ್ಸೆ ಪಡೆದದ್ದೇ 1422 (ಅಸಿಟೈಲ್ ಮತ್ತು ಅಡಿಪೇಟ್), 1414 (ಅಸಿಟೈಲ್ ಮತ್ತು ಫಾಸ್ಫೇಟ್), 1442 (ಹೈಡ್ರಾಕ್ಸಿಪ್ರೊಪೈಲ್ ಮತ್ತು ಫಾಸ್ಫೇಟ್). 1412ಕ್ಕೆ ಸೇತುವೆ ಮಾತ್ರ. ಅದು ಕುದಿಗೆ ಜಗ್ಗುವುದಿಲ್ಲ, ಆದರೆ ಫ್ರೀಜರಿಗೆ ಇಟ್ಟು ತೆಗೆದರೆ ನೀರು ಬಿಡುತ್ತದೆ. 1420, 1440ಕ್ಕೆ ಗುಂಪು ಮಾತ್ರ, ಸೇತುವೆ ಇಲ್ಲ.

1442 ತಯಾರಾಗುವ ಬಗೆ ಹೀಗೆ. ಸ್ಟಾರ್ಚನ್ನು ನೀರಿನಲ್ಲಿ ಶೇ 35–40ರಷ್ಟು ದಪ್ಪಕ್ಕೆ ಕಲಸಿ, ಕ್ಷಾರದಲ್ಲಿ ಕಣ ಉಬ್ಬದಿರಲೆಂದು ಸೋಡಿಯಂ ಸಲ್ಫೇಟ್ ಬೆರೆಸಿ, ಕಾಸ್ಟಿಕ್ ಸೋಡಾದಿಂದ ಪಿಎಚ್ 11ರ ಮೇಲಕ್ಕೆ ಏರಿಸುತ್ತಾರೆ. ಮುಚ್ಚಿದ ಪಾತ್ರೆಯಲ್ಲಿ ಪ್ರೊಪಿಲೀನ್ ಆಕ್ಸೈಡ್ ಬಿಟ್ಟು 40–50 ಡಿಗ್ರಿಯಲ್ಲಿ ಹತ್ತಿರ ಹತ್ತಿರ ಒಂದು ದಿನ ತಿರುವುತ್ತಾರೆ. ಆಮೇಲೆ ಸೇತುವೆಯ ರಾಸಾಯನಿಕ ಹಾಕಿ, ಆಮ್ಲದಿಂದ ತಟಸ್ಥಗೊಳಿಸಿ, ಪದೇ ಪದೇ ತೊಳೆದು ಒಣಗಿಸುತ್ತಾರೆ. ಇದನ್ನು ಶೆಡ್ಡಿನಲ್ಲಿ ಮಾಡಿ ನೋಡುವ ಯೋಚನೆ ಯಾರಿಗೂ ಬರಬಾರದು. ಪ್ರೊಪಿಲೀನ್ ಆಕ್ಸೈಡ್ ಕುದಿಯುವುದು 34 ಡಿಗ್ರಿಗೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಅದು ಡ್ರಮ್ಮಿನಲ್ಲೇ ಆವಿಯಾಗುತ್ತದೆ. ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲೂ ಇದೆ.

ಜನರ ಹೆದರಿಕೆಗೆ ಮೂಲ ಈ ಹೆಸರುಗಳೇ. ಆದರೆ ಕೊನೆಗೆ ಪುಡಿಯಲ್ಲಿ ಉಳಿಯುವುದೆಷ್ಟು ಎಂಬುದಕ್ಕೆ ಮಿತಿ ಇದೆ. ಅಂತರರಾಷ್ಟ್ರೀಯ ಮಾನದಂಡದಂತೆ ಆಹಾರ ದರ್ಜೆಯ 1442ರಲ್ಲಿ ಹೈಡ್ರಾಕ್ಸಿಪ್ರೊಪೈಲ್ ಗುಂಪು ಶೇ 7ನ್ನು ಮೀರಬಾರದು. ಕ್ರಿಯೆಯಲ್ಲಿ ಹುಟ್ಟುವ ಪ್ರೊಪಿಲೀನ್ ಕ್ಲೋರೊಹೈಡ್ರಿನ್ ಕಿಲೋಗೆ 1 ಮಿಲಿಗ್ರಾಂ ದಾಟಬಾರದು. 1422ರಲ್ಲಿ ಅಸಿಟೈಲ್ ಶೇ 2.5ರೊಳಗೆ, ಅಡಿಪೇಟ್ ಶೇ 0.135ರೊಳಗೆ ಇರಬೇಕು. ಧಾನ್ಯದ ಸ್ಟಾರ್ಚಾದರೆ ಗಂಧಕದ ಡೈಆಕ್ಸೈಡ್ ಕಿಲೋಗೆ 50 ಮಿಲಿಗ್ರಾಂ ಒಳಗೆ. ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞ ಸಮಿತಿ ಇವುಗಳಿಗೆ ದಿನಕ್ಕಿಷ್ಟೇ ಎಂಬ ಮಿತಿಯನ್ನೇ ಹಾಕಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ 12 ಬಗೆಯ ಮಾರ್ಪಡಿಸಿದ ಸ್ಟಾರ್ಚುಗಳನ್ನು ಮರುಪರಿಶೀಲಿಸಿ ಅದೇ ತೀರ್ಮಾನಕ್ಕೆ ಬಂತು. ಮಧುಮೇಹ ಇರುವವರು ಒಂದು ಮಾತು ನೆನಪಿಡಲಿ: ಇದೂ ಪಿಷ್ಟವೇ, ಬಹುಪಾಲು ಜೀರ್ಣವಾಗಿ ಸಕ್ಕರೆಯಾಗುತ್ತದೆ.

ನಮ್ಮನ್ನು ಕೇಳಿದರೆ, ಸಾಸಿನ ವಿಷಯದಲ್ಲಿ ತಕರಾರು ಇರಬೇಕಾದ್ದು ಬೇರೆ ಕಡೆ. ನೀರಾದ ಹಣ್ಣಿನ ತಿರುಳಿಗೆ ಸ್ಟಾರ್ಚು, ಬಣ್ಣ ಹಾಕಿ ಮಂದ ತೋರಿಸಿದರೆ ಅದು ಗಿರಾಕಿಗೆ ಮಾಡುವ ಮೋಸ. ಪಟ್ಟಿಯಲ್ಲಿ ಮೊದಲು ನೀರು, ಆಮೇಲೆ ಸಕ್ಕರೆ, ಅದರಾಚೆ ಎಲ್ಲೋ ಟೊಮ್ಯಾಟೊ ಇದ್ದರೆ ಬೆಲೆಯನ್ನು ಅದಕ್ಕೆ ತಕ್ಕಂತೆ ತೂಗಿ ನೋಡಬೇಕು. ವಸ್ತುಗಳನ್ನು ಪಟ್ಟಿಯಲ್ಲಿ ತೂಕದ ಇಳಿಕ್ರಮದಲ್ಲೇ ಬರೆಯಬೇಕೆಂಬ ನಿಯಮ ಇರುವುದು ಇದಕ್ಕೇ.

ಇನ್ನು ಘಟಕದೊಳಗಿನ ಕೆಲಸ. ಹೆಚ್ಚಿನ ಮಾಲು ಕೆಡುವುದು ಪುಡಿಯ ದೋಷದಿಂದಲ್ಲ, ಹಾಕುವ ಕ್ರಮದಿಂದ. 100 ಕಿಲೋ ಸಾಸಿಗೆ 2ರಿಂದ 3 ಕಿಲೋ 1422 ಅಥವಾ 1442 ಸಾಕಾಗುತ್ತದೆ. ಅದನ್ನು ನಾಲ್ಕೈದು ಪಟ್ಟು ತಣ್ಣೀರಿನಲ್ಲಿ ಕದಡಿಕೊಳ್ಳಬೇಕು. ಈ ನೀರು ಒಟ್ಟು ಲೆಕ್ಕದೊಳಗೇ ಇರಲಿ. ಕದಡಿದ್ದು ಐದು ನಿಮಿಷ ಬಿಟ್ಟರೂ ತಳ ಹಿಡಿಯುತ್ತದೆ, ಆದ್ದರಿಂದ ಸುರಿಯುವ ಮುನ್ನ ಇನ್ನೊಮ್ಮೆ ಕೈಯಾಡಿಸಬೇಕು. ತಿರುಳು 50–55 ಡಿಗ್ರಿ ಇರುವಾಗ, ಅಂದರೆ ಕಣ ಉಬ್ಬುವ ಮೊದಲು, ಇದನ್ನು ಸೇರಿಸಿ ಸಮನಾಗಿ ಬೆರೆತ ಮೇಲೆ ಉರಿ ಏರಿಸಬೇಕು. ಕುದಿಯುವ ಕಡಾಯಿಗೆ ಒಣ ಪುಡಿ ಉದುರಿಸಿದರೆ ಪ್ರತಿ ಗಂಟಿನ ಹೊರಮೈ ಬೆಂದು ಅಂಟಾಗುತ್ತದೆ, ಒಳಗೆ ಹಿಟ್ಟು ಹಾಗೇ ಉಳಿಯುತ್ತದೆ. ಆಮೇಲೆ ಎಷ್ಟು ತಿರುವಿದರೂ ಬಿಡಿಸಲಾಗದು. 88–92 ಡಿಗ್ರಿಯಲ್ಲಿ ಐದಾರು ನಿಮಿಷ ನಿಲ್ಲಿಸಿ, ವಿನೆಗರನ್ನು ಕೊನೆಗೆ ಹಾಕಿ, 85ರ ಮೇಲೆ ಇರುವಾಗಲೇ ಬಾಟಲಿಗೆ ತುಂಬಬೇಕು.

ಬಿಸಿಯಿದ್ದಾಗ ಸಾಸು ತೆಳ್ಳಗೇ ಕಾಣುತ್ತದೆ. ಅಲ್ಲೇ ಕೈ ತಡೆಯದೆ ಇನ್ನೊಂದು ಅರ್ಧ ಕಿಲೋ ಸುರಿದವರ ಬಾಟಲಿಯಿಂದ ಮರುದಿನ ಸಾಸು ಇಳಿಯುವುದಿಲ್ಲ. ಪೂರ್ತಿ ಮಂದ ಬರಲು ಒಂದು ದಿನ ಬೇಕು. ಅಳತೆ ಅಥವಾ ಅಂದಾಜು ಏನಿದ್ದರೂ ಮರುದಿನ ಕೋಣೆಯ ಉಷ್ಣತೆಯಲ್ಲಿ ಆಗಬೇಕು.

ಸಿಹಿ ಚಟ್ನಿ, ಜಾಮು ಮಾಡುವವರಿಗೆ ಬೇರೆ ಕಷ್ಟ. ಸಕ್ಕರೆ ಶೇ 60ರ ಸುತ್ತ ಇದ್ದರೆ ಅದೇ ನೀರನ್ನೆಲ್ಲ ಹಿಡಿದುಕೊಂಡು ಸ್ಟಾರ್ಚಿಗೆ ಬಿಡುವುದಿಲ್ಲ. 90 ಡಿಗ್ರಿಯಲ್ಲೂ ಕಣ ಅರೆಬೆಂದೇ ಇರುತ್ತದೆ, ಬಾಯಲ್ಲಿ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ಹೀಗಿದ್ದಾಗ ಮೊದಲು ನೀರು ಮತ್ತು ಸ್ವಲ್ಪ ಸಕ್ಕರೆಯಲ್ಲಿ ಸ್ಟಾರ್ಚನ್ನು ಬೇಯಿಸಿಕೊಂಡು, ಉಳಿದ ಸಕ್ಕರೆಯನ್ನು ಆಮೇಲೆ ಹಾಕಬೇಕು. ಇದೇ ಲಕ್ಷಣ ಇನ್ನೊಂದು ಕಾರಣಕ್ಕೂ ಕಾಣುತ್ತದೆ: ಡಬ್ಬಿ ಮುಚ್ಚಿ 121 ಡಿಗ್ರಿಯಲ್ಲಿ ಬೇಯಿಸುವ ಮಾಲಿಗೆಂದು ಹೆಚ್ಚು ಸೇತುವೆ ಹಾಕಿದ ಸ್ಟಾರ್ಚನ್ನು ತಂದು ತೆರೆದ ಕಡಾಯಿಯಲ್ಲಿ ಬಳಸುವುದು. ಬೆಳಗಾವಿಯಂಥ ಎತ್ತರದ ಊರಲ್ಲಿ ಬರೀ ನೀರು ಕುದಿಯುವುದೇ 97–98 ಡಿಗ್ರಿಗೆ. ಆ ಕಣ ತೆರೆದುಕೊಳ್ಳುವುದೇ ಇಲ್ಲ. ಮಂದ ಬರಲಿಲ್ಲವೆಂದು ಪುಡಿ ಹೆಚ್ಚಿಸುತ್ತಾ ಹೋದರೆ ಖರ್ಚು ಏರುತ್ತದೆ, ಮರಳು ಮರಳಾಗುವುದು ತಪ್ಪುವುದಿಲ್ಲ.

ಬೆಂದಿದೆಯೇ, ಅತಿಯಾಗಿದೆಯೇ ಎಂದು ಊಹಿಸುವ ಬದಲು ಕಾಲೇಜಿನ ಪ್ರಯೋಗಾಲಯದಲ್ಲಿರುವಂಥ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಒಂದು ತೊಟ್ಟು ಸಾಸಿಗೆ ಹತ್ತು ತೊಟ್ಟು ನೀರು, ಒಂದು ತೊಟ್ಟು ಅಯೋಡಿನ್ ಬೆರೆಸಿ, ಅದರ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟರೆ ಸಾಕು. ಕಣಗಳು ಸಣ್ಣಗೆ, ಗಾಢ ಬಣ್ಣದಲ್ಲಿ, ಬಿಗಿಯಾಗಿದ್ದರೆ ಬೆಂದಿಲ್ಲ. ದುಂಡಗೆ ಉಬ್ಬಿ, ಅಂಚು ಹರಿಯದೆ ಒತ್ತೊತ್ತಾಗಿದ್ದರೆ ಸರಿ ಇದೆ. ಹರಿದ ಚೂರುಗಳು ತೇಲುತ್ತಾ ಸುತ್ತಲಿನ ನೀರೇ ಬಣ್ಣವಾಗಿದ್ದರೆ ಅತಿಯಾಗಿ ಬೆಂದಿದೆ, ಇಲ್ಲವೇ ಪಂಪು, ಹೋಮೋಜಿನೈಸರ್ (ಒತ್ತಡದಿಂದ ಅರೆದು ಸಮ ಮಾಡುವ ಯಂತ್ರ) ಕಣಗಳನ್ನು ಅರೆದು ಹಾಕಿವೆ. ಎರಡನೆಯದಾದರೆ ಸ್ಟಾರ್ಚನ್ನು ಅರೆಯುವ ಹಂತ ಮುಗಿದ ಮೇಲೆ ಹಾಕಬೇಕು. ಬ್ರ್ಯಾಂಡ್ ಬದಲಿಸಿ ಪ್ರಯೋಜನವಿಲ್ಲ.

ಸಾಸು, ಕಸ್ಟರ್ಡು ಒಮ್ಮೆಲೇ ನೀರಾಗುವುದಕ್ಕೆ ಇನ್ನೊಂದು ಸರಳ ಕಾರಣ, ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೆ ಅದ್ದುವುದು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಮಾರ್ಪಡಿಸಿದ ಸ್ಟಾರ್ಚನ್ನೂ ಕಡಿಯುತ್ತದೆ. ಪಾರ್ಶ್ವವಾಯು ಆದವರಿಗೆ ನೀರು ಗಂಟಲಲ್ಲಿ ತಪ್ಪಿ ಶ್ವಾಸನಾಳಕ್ಕೆ ಹೋಗದಿರಲೆಂದು ಕೊಡುವ ಮಂದಕಾರಕ ಪುಡಿ ಸ್ಟಾರ್ಚಿನದಾಗಿದ್ದರೆ ಮನೆಯವರು ಇದನ್ನು ತಿಳಿದಿರಲೇಬೇಕು: ಲೋಟದಲ್ಲಿ ಜೊಲ್ಲು ಬೆರೆತರೆ ಕೆಲವೇ ನಿಮಿಷಗಳಲ್ಲಿ ಅದು ತೆಳ್ಳಗಾಗುತ್ತದೆ, ಬೆರೆಯದೆ ಹಾಗೇ ಇಟ್ಟರೆ ಹೊತ್ತು ಹೋದಂತೆ ಇನ್ನಷ್ಟು ಮಂದವಾಗುತ್ತದೆ. ಸಣ್ಣ ಸಣ್ಣ ಪ್ರಮಾಣದಲ್ಲಿ ಆಗಾಗ ಕಲಸಿಕೊಳ್ಳಬೇಕು. ಕ್ಸಾಂಥನ್ ಗೋಂದಿನ ಪುಡಿಗೆ ಈ ತೊಂದರೆ ಇಲ್ಲ.

ಈಗ ಮಗ್ಗದ ಕಡೆ ಬರೋಣ. ಹಾಸಿನ ನೂಲಿಗೆ ಬೇಕಾದದ್ದು ಸಾಸಿಗೆ ಬೇಕಾದದ್ದರ ನೇರ ವಿರುದ್ಧ. ಅಲ್ಲಿ ಕಣ ಉಳಿಯಬೇಕು. ಇಲ್ಲಿ ಕಣ ಪೂರ್ತಿ ಒಡೆದು, ತೆಳ್ಳಗೆ ಹರಿದು, ನೂಲಿನೊಳಗೆ ಇಳಿದು, ಒಣಗಿದ ಮೇಲೆ ಬಾಗುವಂಥ ಪದರವಾಗಬೇಕು. ಅದಕ್ಕೆ ಆಮ್ಲದಿಂದ ಅಥವಾ ಹೈಪೊಕ್ಲೋರೈಟಿನಿಂದ (ಬ್ಲೀಚಿಂಗ್ ದ್ರಾವಣ) ಸರಪಳಿ ಕತ್ತರಿಸಿದ, ಬಿಸಿಯಲ್ಲಿ ತೆಳ್ಳಗಿರುವ ಸ್ಟಾರ್ಚು ಬೇಕು. ಇದರಲ್ಲಿ ಶೇ 8–12ರ ದಪ್ಪಕ್ಕೆ ಗಂಜಿ ಕಾಯಿಸಿದರೂ ಹರಿಯುತ್ತದೆ. ಸಾದಾ ಗೋವಿನಜೋಳದ ಸ್ಟಾರ್ಚು ಅಷ್ಟು ಹಾಕಿದರೆ ಗಟ್ಟಿ ಮುದ್ದೆ. ಮುದ್ದೆಯಾದ ಗಂಜಿ ನೂಲಿನ ಮೇಲ್ಮೈಗೆ ಮಾತ್ರ ಮೆತ್ತಿಕೊಂಡು, ಹಣಿಗೆಯ (ಎಳೆಗಳನ್ನು ಬಿಡಿಬಿಡಿಯಾಗಿಡುವ, ಬಾಚಣಿಗೆಯಂಥ ಭಾಗ) ಉಜ್ಜಾಟಕ್ಕೆ ಪುಡಿಯಾಗಿ ಮಗ್ಗದ ಕೆಳಗೆ ಬೀಳುತ್ತದೆ. ಆಮೇಲೆ ಎಳೆ ಹರಿಯಲು ಶುರು. ಗಂಜಿಯನ್ನು 90–95 ಡಿಗ್ರಿಯಲ್ಲಿ ಅರ್ಧ ಗಂಟೆಯಾದರೂ ಬೇಯಿಸಿ, ತೊಟ್ಟಿಯಲ್ಲಿ 85ರ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಕರೆಂಟು ಹೋಗಿ ಉಗಿ ನಿಂತರೆ ಮೇಲೆ ಕೆನೆಗಟ್ಟುತ್ತದೆ. ಅದನ್ನು ಕಲಕಿ ಸೇರಿಸದೆ ತೆಗೆದು ಹಾಕುವುದೇ ಒಳ್ಳೆಯದು, ಇಲ್ಲದಿದ್ದರೆ ಗಟ್ಟಿ ಚೂರು ನೂಲಿಗೆ ಅಂಟಿ ಎರಡು ಎಳೆಗಳನ್ನು ಒಂದು ಮಾಡುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ ಸ್ಟಾರ್ಚಿನ ಪದರ ಬಿರುಸಾಗಿ ಬಿರಿಯುತ್ತದೆ. ಹತ್ತಿಯ ನೇಯ್ಗೆಗೆ ಶೆಡ್ಡಿನಲ್ಲಿ ಶೇ 75–80 ತೇವ ಬೇಕು. ಅಷ್ಟು ತೇವ ಹಿಡಿಯಲಾಗದ ಕಡೆ ಅಸಿಟೈಲ್ ಇಲ್ಲವೇ ಹೈಡ್ರಾಕ್ಸಿಪ್ರೊಪೈಲ್ ಗುಂಪುಳ್ಳ ಸ್ಟಾರ್ಚು ಬಳಸಿದರೆ ಪದರ ಮೆತ್ತಗಿರುತ್ತದೆ.

ಬಣ್ಣ ಹಾಕುವ ಮೊದಲು ನೇಯ್ದ ಬಟ್ಟೆಯಿಂದ ಗಂಜಿ ತೆಗೆಯುವುದರಲ್ಲಿ ಆತುರ ಮಾಡಿದರೆ ಬಣ್ಣದಲ್ಲಿ ಮಚ್ಚೆ ಬೀಳುತ್ತದೆ. ಬಟ್ಟೆಯ ಅಂಚಿಗೆ ಒಂದು ತೊಟ್ಟು ತೆಳು ಅಯೋಡಿನ್ ಬಿಟ್ಟು ನೋಡಿ. ನೀಲಿ ಬಂದರೆ ಸ್ಟಾರ್ಚು ಇನ್ನೂ ಇದೆ ಎಂದರ್ಥ.

ಅಚ್ಚಿನ ಕೆಲಸಕ್ಕೆ ಬರುವುದು ಇನ್ನೊಂದು ಜಾತಿ: ಕಾರ್ಬಾಕ್ಸಿಮಿಥೈಲ್ ಸ್ಟಾರ್ಚು, ಅಂಗಡಿಯವರ ಬಾಯಲ್ಲಿ ಸಿಎಂಎಸ್. ಮೊನೊಕ್ಲೋರೊ ಅಸಿಟಿಕ್ ಆಮ್ಲ ಮತ್ತು ಕಾಸ್ಟಿಕ್ ಸೋಡಾದಿಂದ ಮಾಡುತ್ತಾರೆ. ತಣ್ಣೀರಿನಲ್ಲೇ ಮಂದವಾಗುವುದು ಇದರ ಗುಣ. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣಗಳಿಗೆ ಚೆನ್ನಾಗಿ ಹೊಂದುತ್ತದೆ. ಹತ್ತಿಯ ಮೇಲೆ ರಿಯಾಕ್ಟಿವ್ ಬಣ್ಣದ ಅಚ್ಚಿಗೆ ಮಾತ್ರ ಸಾಮಾನ್ಯ ಸಿಎಂಎಸ್ ಬೇಡ. ಹತ್ತಿಯ ಜೊತೆ ಕೂಡಬೇಕಾದ ಬಣ್ಣ ಸ್ಟಾರ್ಚಿನಲ್ಲಿ ಉಳಿದ ಹೈಡ್ರಾಕ್ಸಿಲ್ ಗುಂಪುಗಳ ಜೊತೆಗೂ ಕೂಡಿಕೊಳ್ಳುತ್ತದೆ. ಬಣ್ಣ ತೊಳೆದು ಹೋಗುತ್ತದೆ, ಬಟ್ಟೆ ರಟ್ಟಿನ ಹಾಗೆ ಬಿರುಸಾಗುತ್ತದೆ. ಅಲ್ಲಿ ಸೋಡಿಯಂ ಆಲ್ಜಿನೇಟ್ (ಕಡಲಪಾಚಿಯ ಗೋಂದು) ದುಬಾರಿಯಾದರೂ ಅದನ್ನೇ ಬಳಸಬೇಕು. ಇನ್ನೊಂದು, ಸಿಎಂಎಸ್‌ಗೆ ಗಡಸು ನೀರು ಆಗಿಬರುವುದಿಲ್ಲ. ಕೊಳವೆಬಾವಿಯ ನೀರಿನ ಸುಣ್ಣ, ಕಬ್ಬಿಣ ಅದರ ಮಂದವನ್ನು ಇಳಿಸುತ್ತವೆ. ‘ಈ ಸಲದ ಚೀಲ ಸರಿ ಇಲ್ಲ’ ಎನ್ನುವ ಮೊದಲು ಮೃದು ನೀರಿನಲ್ಲಿ ಒಮ್ಮೆ ಕಲಸಿ ನೋಡಬೇಕು. ಕಲಸಿಟ್ಟ ಪೇಸ್ಟು ಹಳಸಿ ನೀರಾಗುವುದೂ ಉಂಟು, ಬೇಸಿಗೆಯಲ್ಲಂತೂ ಬೇಗ.

ಉಳಿದ ಉಪಯೋಗಗಳು ಹಲವು. ದಾಂಡೇಲಿಯಲ್ಲಿರುವಂಥ ಕಾಗದ ಕಾರ್ಖಾನೆಗಳಲ್ಲಿ ನಾರು ಹಿಡಿದಿಡಲು ಧನ ವಿದ್ಯುದಂಶದ ಕ್ಯಾಟಯಾನಿಕ್ ಸ್ಟಾರ್ಚು, ಟೈಲ್ಸ್ ಅಂಟಿಸುವ ಗಾರೆ ಜಾರದಿರಲು ಚಿಟಿಕೆ ಲೆಕ್ಕದಲ್ಲಿ ಹೈಡ್ರಾಕ್ಸಿಪ್ರೊಪೈಲ್ ಸ್ಟಾರ್ಚು, ಎಣ್ಣೆ ಬಾವಿ ಕೊರೆಯುವ ಕೆಸರಿನ ನೀರು ಬಂಡೆಯೊಳಗೆ ಸೋರಿ ಹೋಗದಂತೆ ಸಿಎಂಎಸ್, ಮಾತ್ರೆ ಹೊಟ್ಟೆಯಲ್ಲಿ ಬೇಗ ಬಿಚ್ಚಿಕೊಳ್ಳಲು ಔಷಧ ದರ್ಜೆಯ ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಶೇ 2ರಿಂದ 8. ಈ ಕೊನೆಯದು ರಸಾಯನದ ಲೆಕ್ಕದಲ್ಲಿ ಸಿಎಂಎಸ್‌ನ ಕುಟುಂಬದ್ದೇ. ಆದರೆ ಅಚ್ಚಿನ ಅಂಗಡಿಯ ಸಿಎಂಎಸ್ ತೊಳೆದು ಶುದ್ಧ ಮಾಡಿದ್ದಲ್ಲ. ಅದರಲ್ಲಿ ಉಪ್ಪು, ಗ್ಲೈಕೊಲೇಟ್ ಉಳಿದೇ ಇರುತ್ತವೆ.

ದರ್ಜೆಯ ಮಾತು ಬರುವುದು ಇಲ್ಲೇ. ಆಹಾರದ 1404 ಕೂಡ ಹೈಪೊಕ್ಲೋರೈಟಿನಿಂದ ಆಕ್ಸಿಡೀಕರಿಸಿದ ಸ್ಟಾರ್ಚು, ನೂಲಿನ ಗಂಜಿಯದೂ ಅದೇ. ವ್ಯತ್ಯಾಸ ಇರುವುದು ತೊಳೆಯುವುದರಲ್ಲಿ, ಸೀಸ ಮತ್ತು ಸೂಕ್ಷ್ಮಾಣು ಪರೀಕ್ಷೆಯಲ್ಲಿ, ಗೋದಾಮಿನಲ್ಲಿ ಯಾವುದರ ಪಕ್ಕ ಇಟ್ಟಿದ್ದರು ಎಂಬುದರಲ್ಲಿ. ನೂಲಿನ ಗಂಜಿಯ ಪುಡಿಗೆ ಬೂಷ್ಟು ಹಿಡಿಯದಂತೆ ತಡೆಯುವ ಔಷಧಿ ಬೆರೆಸಿರುವುದೂ ಉಂಟು. ಅಗ್ಗಕ್ಕೆ ಸಿಗುತ್ತದೆ ಎಂದು ಅದನ್ನು ಐಸ್‌ಕ್ರೀಮಿಗೆ ಹಾಕಿದರೆ ಮಂದವೂ ಬರುವುದಿಲ್ಲ, ಅಪಾಯ ಬೇರೆ.

ಬಂದ ಚೀಲ ಯಾವ ಜಾತಿಯದು ಎಂದು ತಿಳಿಯಲು ಘಟಕದಲ್ಲೇ ಮಾಡಬಹುದಾದ ಪರೀಕ್ಷೆ ಇದೆ. 5 ಗ್ರಾಂ ಪುಡಿಯನ್ನು 95 ಮಿಲಿ ತಣ್ಣೀರಿಗೆ ಹಾಕಿ ತಿರುವಿ. ಆಗಲೇ ಮಂದವಾದರೆ ಅದು ಸಿಎಂಎಸ್ ಅಥವಾ ಮೊದಲೇ ಬೇಯಿಸಿ ಒಣಗಿಸಿದ ಸ್ಟಾರ್ಚು. ಆಗದಿದ್ದರೆ ಕುದಿನೀರಿನ ಪಾತ್ರೆಯೊಳಗಿಟ್ಟು 15–20 ನಿಮಿಷ ಬೇಯಿಸಿ. ನೀರಿನಷ್ಟೇ ತೆಳ್ಳಗೆ, ತಿಳಿಯಾಗಿ ಹರಿದರೆ ನೂಲಿನ ಗಂಜಿಯ ಜಾತಿ. ಮಂದವಾದರೆ ಎರಡು ಪಾಲು ಮಾಡಿ: ಒಂದನ್ನು ರಾತ್ರಿ ಫ್ರಿಜ್ಜಿನಲ್ಲಿಡಿ, ಇನ್ನೊಂದಕ್ಕೆ ಒಂದು ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ಮತ್ತೆ ಕಾಯಿಸಿ. ಫ್ರಿಜ್ಜಿನದು ಗಡ್ಡೆಯಾಗಿ, ವಿನೆಗರಿನದು ತೆಳ್ಳಗಾದರೆ ನಿಮಗೆ ಬಂದದ್ದು ಸಾದಾ ಸ್ಟಾರ್ಚು, ಬಿಲ್ಲಿನಲ್ಲಿ ಏನೇ ಬರೆದಿರಲಿ. ಎರಡೂ ನುಣುಪಾಗಿ ಉಳಿದರೆ ಅದು ಎರಡೂ ಚಿಕಿತ್ಸೆ ಆದ ಸ್ಟಾರ್ಚು. ಈ ಪರೀಕ್ಷೆ ಜಾತಿಯನ್ನು ಹೇಳುತ್ತದೆ, ಶುದ್ಧತೆಯನ್ನು ಹೇಳುವುದಿಲ್ಲ. ಶುದ್ಧತೆಗೆ ಆ ಬ್ಯಾಚಿನ ಪರೀಕ್ಷಾ ಪತ್ರವೇ ಬೇಕು.

ಆದ್ದರಿಂದ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಲ್ಲಿ ಮತ್ತು ವ್ಯಾಪಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ಸ್ಟಾರ್ಚಿನ ಪ್ರತಿ ಬಿಲ್ಲಿನಲ್ಲೂ ಚೀಲದಲ್ಲೂ ಐಎನ್‌ಎಸ್ ಸಂಖ್ಯೆ, ಯಾವ ಬೆಳೆಯ ಸ್ಟಾರ್ಚು, ಆಹಾರಕ್ಕೋ ಕೈಗಾರಿಕೆಗೋ, ಬ್ಯಾಚ್ ಸಂಖ್ಯೆ ಇವು ಇರಲಿ. 25 ಕಿಲೋ ಚೀಲ ಬಿಚ್ಚಿ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಐದೈದು ಕಿಲೋ ಕಟ್ಟಿ ಮಾರುವವರು ಮರುಪ್ಯಾಕಿಂಗಿಗೆ ಬೇಕಾದ ಆಹಾರ ಪರವಾನಗಿ ಪಡೆದು, ಮೂಲ ಚೀಲದ ವಿವರಗಳನ್ನು ಸಣ್ಣ ಪೊಟ್ಟಣದ ಮೇಲೂ ಅಚ್ಚು ಹಾಕಲಿ. ತಪಾಸಣೆಗೆ ಹೋದವರು ಬಾಟಲಿ ಮಾದರಿಯ ಜೊತೆ ಗೋದಾಮಿನ ಚೀಲವನ್ನೂ ನೋಡಲಿ. ಘಟಕದವರು ಮುಂದಿನ ಆರ್ಡರ್ ಕೊಡುವಾಗ ಫೋನಿನಲ್ಲಿ ‘ಮಾಡಿಫೈಡ್ ಸ್ಟಾರ್ಚ್ ಎರಡು ಚೀಲ’ ಎನ್ನದೆ ‘1422, ಆಹಾರ ದರ್ಜೆ, ಪರೀಕ್ಷಾ ಪತ್ರದ ಸಮೇತ ಎರಡು ಚೀಲ’ ಎನ್ನಲಿ.

ಇಂತಿ,
ಆಹಾರ ಮತ್ತು ಜವಳಿ ರಸಾಯನ ಕ್ಷೇತ್ರದ ತಂತ್ರಜ್ಞರು,
ಬೆಳಗಾವಿ